ಹೊಟ್ಟೆ ತುಂಬಿಯೂ ಸೊರಗುವ ಮೀನು

"ಬೇಟೆಯಾಡುವ ಮೀನಿಗೆ ಜೀವಂತ ಮೀನನ್ನೇ ಕೊಡಬೇಕು. ಅದೇ ಪ್ರಕೃತಿ ನಿಯಮ." ಅಕ್ವೇರಿಯಂ ಇಟ್ಟುಕೊಂಡವರ ನಡುವೆ ಈ ಮಾತಿಗೆ ಎದುರು ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಅಂಗಡಿಯವರೂ ಹೀಗೆ ಹೇಳುತ್ತಾರೆ, ವರ್ಷಗಟ್ಟಲೆ ಮೀನು ಸಾಕಿದವರೂ ಹೇಳುತ್ತಾರೆ. ಹೀಗೆ ಹೇಳುವ ಬಹಳಷ್ಟು ಜನ ಮೀನುಗಳ ಮೇಲೆ ನಿಜವಾದ ಅಕ್ಕರೆ ಉಳ್ಳವರು. ಅವರ ಅಕ್ಕರೆಯಲ್ಲಿ ನನಗೆ ಅನುಮಾನವಿಲ್ಲ. ಅವರ ನಿಯಮದ ಬಗ್ಗೆ ಮಾತ್ರ ನನ್ನದೊಂದು ವಿನಯದ ತಕರಾರಿದೆ.

ಈ ತಕರಾರು ಹುಟ್ಟಿದ್ದು ಬೆಂಗಳೂರಿನ ಅಮೃತಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲೇ. ಎರಡನೇ ಮಹಡಿಯ ಯುವಕರೊಬ್ಬರು ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿ ಒಂದು ಲಯನ್‌ಫಿಶ್ ಸಾಕಿದ್ದರು. ಕೆಂಪು–ಬಿಳಿ ಪಟ್ಟೆ, ಬೀಸಣಿಗೆಯಂತೆ ಹರಡಿದ ರೆಕ್ಕೆ, ಬೆನ್ನ ಮೇಲೆ ವಿಷದ ಮುಳ್ಳು. ಎರಡು ದಿನಕ್ಕೊಮ್ಮೆ ಅಂಗಡಿಯಿಂದ ಪುಟ್ಟ ಗೋಲ್ಡ್‌ಫಿಶ್‌ಗಳು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿದ್ದವು. ತೊಟ್ಟಿಗೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮಾಯ. ನೋಡಲು ಮಕ್ಕಳು ಸೇರುತ್ತಿದ್ದರು, ನಾನೂ ಹೋಗಿ ನಿಂತದ್ದುಂಟು. ಕೆಲವು ತಿಂಗಳ ನಂತರ ಆ ಮೀನು ಓರೆಯಾಗಿ ಈಜತೊಡಗಿತು. ಗುರಿ ತಪ್ಪಿ ಬೇಟೆಯ ಪಕ್ಕದ ಬರೀ ನೀರಿಗೆ ಬಾಯಿ ಹಾಕುತ್ತಿತ್ತು. ಆಮೇಲೆ ತಿನ್ನುವುದನ್ನೇ ಬಿಟ್ಟಿತು, ಸತ್ತಿತು. "ಸರ್, ಹೋದ ವಾರದವರೆಗೂ ಚೆನ್ನಾಗಿ ತಿಂತಿತ್ತು" ಎಂದು ಅವರು ಕಣ್ಣು ತುಂಬಿಕೊಂಡು ಹೇಳಿದರು.

ಒಂದು ಮೀನಿನ ಸಾವಿನ ಮೇಲೆ ಸಿದ್ಧಾಂತ ಕಟ್ಟಬಾರದು. ಅದರ ಶವಪರೀಕ್ಷೆಯೂ ಆಗಿರಲಿಲ್ಲ. ಆದರೆ "ಚೆನ್ನಾಗಿ ತಿಂತಿತ್ತು" ಎಂಬ ಮಾತು ನನ್ನನ್ನು ಬಿಡಲಿಲ್ಲ. ಚೆನ್ನಾಗಿ ತಿನ್ನುವುದು ಆರೋಗ್ಯದ ಗುರುತು ಎಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆಯನ್ನೇ ಒಮ್ಮೆ ಪರೀಕ್ಷಿಸಿ ನೋಡೋಣ.

ಮನುಷ್ಯರ ವಿಷಯದಲ್ಲಿ ಈ ಪರೀಕ್ಷೆ ಆಗಿ ನೂರು ವರ್ಷದ ಮೇಲಾಯಿತು. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ 1890ರ ಸುಮಾರಿಗೆ ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಪಾಲಿಶ್ ಮಾಡಿದ ಬಿಳಿ ಅನ್ನ ತಿಂದ ಕೋಳಿಗಳ ಕಾಲು ಸೋತು, ಕತ್ತು ತಿರುಚಿಕೊಳ್ಳುತ್ತಿದ್ದುದನ್ನು ಅವರು ಕಂಡರು. ತೌಡು ತೆಗೆಯದ ಅಕ್ಕಿ ಕೊಟ್ಟಾಗ ಅವೇ ಕೋಳಿಗಳು ಚೇತರಿಸಿಕೊಂಡವು. ಅವುಗಳ ಹೊಟ್ಟೆಗೆ ಎಂದೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದದ್ದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಈ ದಾರಿ ತೋರಿಸಿದ್ದಕ್ಕೆ ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಬಂತು. ನಮ್ಮ ಕರಾವಳಿಯವರ ಕುಸುಬಲಕ್ಕಿಯ ಗುಣವೂ ಇಲ್ಲೇ ಇದೆ. ಭತ್ತವನ್ನು ಕುದಿಸುವಾಗ ತೌಡಿನ ಬಿ1 ಒಳಗಿನ ಕಾಳಿಗೆ ಇಳಿಯುತ್ತದೆ, ಆಮೇಲೆ ಗಿರಣಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ.

ಗೋಲ್ಡ್‌ಫಿಶ್ ತಿನ್ನುವ ಲಯನ್‌ಫಿಶ್‌ನ ಸ್ಥಿತಿ ಬಿಳಿ ಅನ್ನ ತಿಂದ ಕೋಳಿಗಿಂತ ಕಷ್ಟದ್ದು. ಬಿಳಿ ಅನ್ನದಲ್ಲಿ ಬಿ1 ತೀರ ಕಡಿಮೆ, ಅಷ್ಟೆ. ಗೋಲ್ಡ್‌ಫಿಶ್‌ನ ದೇಹದಲ್ಲಿ ಬಿ1 ಅನ್ನು ಒಡೆದುಹಾಕುವ ಥಯಾಮಿನೇಸ್ ಎಂಬ ಕಿಣ್ವವೇ ಇದೆ. ಬೇರೆ ಆಹಾರದಿಂದ ಬಂದ ಬಿ1 ಅನ್ನೂ ಅದು ಹೊಟ್ಟೆಯಲ್ಲೇ ಹಾಳು ಮಾಡಬಲ್ಲದು. ಗೋಲ್ಡ್‌ಫಿಶ್‌ನ ನೆಂಟ, ನಮ್ಮ ಕೆರೆಗಳ ಗೆಂಡೆ ಮೀನಿನಲ್ಲೂ ಈ ಕಿಣ್ವವಿದೆ. 1932ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಚಾಸ್ಟೆಕ್ ಎಂಬವರ ಫಾರಂನಲ್ಲಿ ಸಾಕಿದ್ದ ನರಿಗಳು ಪಾರ್ಶ್ವವಾಯು ಬಡಿದಂತೆ ಬಿದ್ದು ಸತ್ತವು. ಕಾರಣ ಹುಡುಕುತ್ತ ಹೋದವರು ಮುಟ್ಟಿದ್ದು ನರಿಗಳಿಗೆ ಹಾಕುತ್ತಿದ್ದ ಹಸಿ ಗೆಂಡೆ ಮೀನನ್ನು. ಇಂದಿಗೂ ಆ ಕಾಯಿಲೆಗೆ ಚಾಸ್ಟೆಕ್ ಪಾರ್ಶ್ವವಾಯು ಎಂದೇ ಹೆಸರು. ಬಿ1 ಕಡಿಮೆಯಾದರೆ ಮೊದಲು ಕೆಡುವುದು ನರಮಂಡಲ. ಮೀನಿನಲ್ಲಿ ಅದು ಸಮತೋಲ ತಪ್ಪಿದ ಈಜಾಗಿ, ಗುರಿ ತಪ್ಪಿದ ಬೇಟೆಯಾಗಿ, ಕೊನೆಗೆ ಊಟ ಬಿಡುವುದಾಗಿ ಕಾಣಿಸುತ್ತದೆ. ಎರಡನೇ ಮಹಡಿಯಲ್ಲಿ ಕಂಡ ಲಕ್ಷಣಗಳೂ ಇವೇ. ಈ ಲಕ್ಷಣಗಳು ಬೇರೆ ರೋಗಗಳಲ್ಲೂ ಬರುತ್ತವೆ ನಿಜ. ಆದರೆ ತಿಂಗಳುಗಟ್ಟಲೆ ಗೋಲ್ಡ್‌ಫಿಶ್ ಒಂದನ್ನೇ ತಿಂದ ಮೀನಿನಲ್ಲಿ ಮೊದಲು ಶಂಕಿಸಬೇಕಾದದ್ದು ಊಟವನ್ನೇ.

ಎರಡನೆಯ ಕೊರತೆ ಕೊಬ್ಬಿನದು. ಆ ಯುವಕರ ತಾಯಿ ಕುಂದಾಪುರದ ಕಡೆಯವರು, ಕೆರೆ ಮೀನನ್ನು ಮೂಸಿಯೂ ನೋಡುವವರಲ್ಲ. ಸಮುದ್ರದ ಮೀನೇ ಬೇರೆ, ಸಿಹಿನೀರಿನ ಮೀನೇ ಬೇರೆ ಎಂಬುದು ಅವರ ಖಚಿತ ಅಭಿಪ್ರಾಯ. ಅವರು ಹೇಳಿದ್ದು ರುಚಿಯ ಮಾತು, ಆದರೆ ಕೊಬ್ಬಿನ ಲೆಕ್ಕದಲ್ಲೂ ಈ ಭೇದವಿದೆ. ಇಪಿಎ, ಡಿಎಚ್ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಕಡಲಿನ ಆಹಾರ ಸರಪಳಿಯಲ್ಲಿ ಧಾರಾಳ. ಸಿಹಿನೀರಿನ ಎಷ್ಟೋ ಮೀನುಗಳು ಸಸ್ಯಮೂಲದ ಕೊಬ್ಬಿನಿಂದ ಇವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಕಡಲಿನ ಬೇಟೆಗಾರ ಮೀನುಗಳಲ್ಲಿ ಆ ಶಕ್ತಿ ತೀರ ಕಡಿಮೆ. ಊಟದಲ್ಲೇ ಸಿಗುತ್ತಿದ್ದದ್ದನ್ನು ತಯಾರಿಸಿಕೊಳ್ಳುವ ಅಗತ್ಯ ಅವಕ್ಕೆ ಬೀಳಲಿಲ್ಲ. ಅಗ್ಗದ ಕಾಳು ತಿಂದು, ಅಂಗಡಿಯ ಕಿಕ್ಕಿರಿದ ತೊಟ್ಟಿಯಲ್ಲಿ ಅರೆಹೊಟ್ಟೆಯಲ್ಲಿದ್ದ ಗೋಲ್ಡ್‌ಫಿಶ್ ಇವನ್ನು ಎಲ್ಲಿಂದ ತಂದುಕೊಟ್ಟೀತು? ಕೋಳಿ ಮಾಂಸ, ದನದ ಹೃದಯ ಕೊಡುವವರೂ ಇದ್ದಾರೆ. ಆ ಪ್ರಾಣಿಗಳ ಕೊಬ್ಬನ್ನು ಈ ಮೀನುಗಳ ದೇಹ ಸರಿಯಾಗಿ ಬಳಸಿಕೊಳ್ಳಲಾರದು. ಅದು ಯಕೃತ್ತಿನಲ್ಲಿ ಶೇಖರವಾಗುತ್ತ ಹೋಗುತ್ತದೆ. ಹೊರಗಿನಿಂದ ಮೀನು ದುಂಡಗೆ ಕಾಣುತ್ತದೆ, ನೋಡಿದವರು ಪುಷ್ಟಿಯಾಗಿದೆ ಎನ್ನುತ್ತಾರೆ.

ಇಷ್ಟು ಹೇಳಿದ ಮೇಲೂ ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ. "ಸಮುದ್ರದಲ್ಲಿ ಅದು ಜೀವಂತ ಮೀನನ್ನೇ ತಾನೆ ತಿನ್ನುವುದು?" ಹೌದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಂಡೆಗಳ ಸುತ್ತ ಮುಳುಗಿ ನೋಡಿದವರಿಗೆ ಲಯನ್‌ಫಿಶ್, ಟ್ರಿಗರ್‌ಫಿಶ್, ಮೊರೆ ಈಲ್‌ಗಳ ಪರಿಚಯವಿದೆ. ಅವಕ್ಕೆ ಅಲ್ಲಿ ಯಾರೂ ಐಸ್‌ನಲ್ಲಿಟ್ಟ ಸಿಗಡಿ ಕೊಡುವುದಿಲ್ಲ. ಆದರೆ ಅಲ್ಲಿ ಯಾರೂ ಗೋಲ್ಡ್‌ಫಿಶ್ ಕೊಡುವುದೂ ಇಲ್ಲ. ಅಟ್ಲಾಂಟಿಕ್ ಸಾಗರಕ್ಕೆ ಹೊಕ್ಕು ಅಲ್ಲಿನ ಮೀನುಗಳಿಗೆ ಕಂಟಕವಾದ ಲಯನ್‌ಫಿಶ್‌ಗಳ ಹೊಟ್ಟೆಯನ್ನು ಬಹಾಮಾಸ್‌ನಲ್ಲಿ ಸೀಳಿ ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸಿಕ್ಕಿದ್ದು 21 ಕುಟುಂಬಗಳಿಗೆ ಸೇರಿದ 41 ಜಾತಿಯ ಮೀನುಗಳು, ಜೊತೆಗೆ ಸಿಗಡಿ, ಏಡಿಗಳು. ಪ್ರಕೃತಿ ನಿಯಮ ಎನ್ನುವುದಾದರೆ ಈ ನಲವತ್ತೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಟೆ ಅಲುಗಾಡುತ್ತದೆ ಎಂಬ ಒಂದು ಅಂಶವನ್ನು ಮಾತ್ರ ಆರಿಸಿಕೊಂಡು, ಅದು ಯಾವ ಬೇಟೆ, ಎಷ್ಟು ಬಗೆಯದು ಎಂಬುದನ್ನು ಬಿಟ್ಟರೆ ನಾವು ಉಳಿಸಿಕೊಂಡದ್ದು ಪ್ರಕೃತಿಯ ನೋಟವನ್ನಷ್ಟೇ. ಮಲ್ಪೆಯಿಂದ ಐಸ್‌ನಲ್ಲಿ ಬಂದ ಸತ್ತ ಸಿಗಡಿ, ನೇತ್ರಾಣಿಯ ಮೀನಿನ ಊಟಕ್ಕೆ ಅಂಗಡಿಯ ಜೀವಂತ ಗೋಲ್ಡ್‌ಫಿಶ್‌ಗಿಂತ ಎಷ್ಟೋ ಹತ್ತಿರದ್ದು.

ಹಾಗೆಂದು ಸಮುದ್ರದ್ದು ಅಂದರೆ ಸಾಕೇ ಎಂದು ಕೇಳಿದರೆ, ಅದೂ ಸಾಲದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಆರಂಭದಲ್ಲಿ ಸಾಲ್ಮನ್ ಮರಿ ಕೇಂದ್ರಗಳಲ್ಲಿ ಮರಿಗಳು ಗಿರಗಿರನೆ ಸುತ್ತುತ್ತ ಈಜಿ ಸಾಯತೊಡಗಿದವು. ಥಯಾಮಿನ್ ಬೆರೆಸಿದ ನೀರಿನಲ್ಲಿ ಬಿಟ್ಟಾಗ ಚೇತರಿಸಿಕೊಂಡವು. ತಾಯಿ ಮೀನುಗಳು ಪೆಸಿಫಿಕ್ ಸಾಗರದಲ್ಲಿ ಸ್ವತಂತ್ರವಾಗಿ ಓಡಾಡಿ ತಾವೇ ಬೇಟೆಯಾಡಿದ್ದವು. ಆದರೆ ಆ ವರ್ಷಗಳಲ್ಲಿ ಅಲ್ಲಿ ಆಂಚೊವಿ ಎಂಬ ಪುಟ್ಟ ಮೀನು ವಿಪರೀತ ಹೆಚ್ಚಿ, ಸಾಲ್ಮನ್‌ಗಳ ಊಟ ಹೆಚ್ಚುಕಡಿಮೆ ಅದೊಂದೇ ಆಗಿತ್ತು. ಆಂಚೊವಿಯಲ್ಲೂ ಥಯಾಮಿನೇಸ್ ಇದೆ. ಬೇಟೆ ಜೀವಂತವಾಗಿತ್ತು, ಕಡಲಿನದೇ ಆಗಿತ್ತು, ಸಾಲ್ಮನ್ ತಾನೇ ಹಿಡಿದದ್ದೂ ಆಗಿತ್ತು. ಆದರೂ ತಾಯಿಯ ಕೊರತೆ ಮರಿಗೆ ಇಳಿಯಿತು. ಹಾಗಾಗಿ ಬೇಟೆ ಸತ್ತದ್ದೋ ಬದುಕಿದ್ದೋ ಎಂಬ ವಾದವನ್ನು ಬದಿಗಿಟ್ಟು, ಊಟ ಒಂದೇ ಬಗೆಯದೋ ಹಲವು ಬಗೆಯದೋ ಎಂದು ಕೇಳಬೇಕೆಂಬುದು ನನ್ನ ವಾದ.

ಎದುರು ಪಕ್ಷದವರ ಇನ್ನೊಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಸದಾಗಿ ತಂದ ಲಯನ್‌ಫಿಶ್ ಸತ್ತ ಆಹಾರವನ್ನು ಮೂಸುವುದೂ ಇಲ್ಲ. ಅದರ ಕಣ್ಣಿಗೆ ಅಲುಗಾಡದ್ದು ಊಟವೇ ಅಲ್ಲ. ಉಪವಾಸ ಹಾಕಿ ಹಟ ಸಾಧಿಸಿ ಎಂದು ಹೇಳುವ ಕಠಿಣತೆ ನನ್ನಲ್ಲಿಲ್ಲ. ಆರೋಗ್ಯವಾಗಿರುವ ಲಯನ್‌ಫಿಶ್ ವಾರಗಟ್ಟಲೆ ಊಟವಿಲ್ಲದೆ ಬದುಕಬಲ್ಲದು ನಿಜ, ಆದರೆ ದೂರದಿಂದ ಸಾಗಿಸಿ ತಂದದ್ದು ಆಗಲೇ ಸೊರಗಿರುತ್ತದೆ. ಅದಕ್ಕೆ ಮೊದಲ ದಿನಗಳಲ್ಲಿ ಜೀವಂತ ಸಿಗಡಿ ಕೊಡುವುದರಲ್ಲಿ ತಪ್ಪಿಲ್ಲ. ಆ ಸಿಗಡಿಗೂ ಹಿಂದಿನ ದಿನ ಒಳ್ಳೆಯ ಆಹಾರ ತಿನ್ನಿಸಿರಬೇಕು. ಆಮೇಲೆ ಉದ್ದನೆಯ ಇಕ್ಕಳದಲ್ಲಿ ಸತ್ತ ಸಿಗಡಿಯನ್ನು ಹಿಡಿದು, ಬದುಕಿರುವಂತೆ ಮೆಲ್ಲಗೆ ಅಲುಗಿಸಬೇಕು. ಮುಳ್ಳಿನಲ್ಲಿ ವಿಷವಿರುವುದರಿಂದ ಕೈಯಲ್ಲಿ ಕೊಡುವ ಧೈರ್ಯ ಬೇಡ. ಮುಸ್ಸಂಜೆ ಅದು ಸಹಜವಾಗಿ ಬೇಟೆಗೆ ಹೊರಡುವ ಹೊತ್ತು, ದೀಪ ಮಂದ ಮಾಡಿ ಆಗಲೇ ಪ್ರಯತ್ನಿಸಬೇಕು. ಇದಕ್ಕೆ ತಾಳ್ಮೆ ಬೇಕು. ಎಳೆಗೂಸಿಗೆ ಮೊದಲ ತುತ್ತು ಅಭ್ಯಾಸ ಮಾಡಿಸುವ ತಾಯಿಗೆ ಇರುವಂಥ ತಾಳ್ಮೆ. ಜೀವಂತ ಆಹಾರ ಹೀಗೆ ದಾಟುವ ಸೇತುವೆಯಾದರೆ ನನ್ನ ತಕರಾರಿಲ್ಲ. ನಾವು ಆ ಸೇತುವೆಯ ಮೇಲೆಯೇ ಮನೆ ಕಟ್ಟಿಕೊಂಡಿದ್ದೇವೆ.

ಸತ್ತ ಮೀನನ್ನು ಕೊಡುವವರಲ್ಲೂ ಒಂದು ತಪ್ಪು ಸಾಮಾನ್ಯ. ನಮಗೆ ಮಾಡುವಂತೆ ಮೀನನ್ನು ಶುಚಿ ಮಾಡಿ, ತಲೆ, ಮುಳ್ಳು, ಕರುಳು ತೆಗೆದು, ಬಿಳಿ ಮಾಂಸವನ್ನಷ್ಟೇ ಹಾಕುತ್ತಾರೆ. ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ, ಬಹಳಷ್ಟು ಜೀವಸತ್ವ ಇರುವುದು ಯಕೃತ್ತಿನಲ್ಲಿ. ಬೇಟೆಯನ್ನು ಇಡಿಯಾಗಿ ನುಂಗುವ ಬೇಟೆಗಾರ ಮೀನಿಗೆ ಇವೆರಡೂ ಸಿಗುತ್ತವೆ. ಆದ್ದರಿಂದ ಬಾಯಿಗೆ ಹಿಡಿಸುವಂಥ ಪುಟ್ಟ ಕಡಲ ಮೀನನ್ನು ಇಡಿಯಾಗಿ, ಸಿಗಡಿಯನ್ನು ಸಿಪ್ಪೆ ಸಮೇತ, ನಡುವೆ ಬೊಂಡಾಸ್ (ಸ್ಕ್ವಿಡ್) ಚೂರನ್ನು, ಹೀಗೆ ಬದಲಿಸುತ್ತ ಕೊಡಬೇಕು. ಟ್ರಿಗರ್‌ಫಿಶ್‌ಗೆ ಚಿಪ್ಪು ಇನ್ನೂ ಮುಖ್ಯ. ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಗಟ್ಟಿಯಾದದ್ದನ್ನು ಕಡಿದು ಸವೆಯದಿದ್ದರೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ.

ಫ್ರೀಜರ್ ಮೇಲಿನ ನಂಬಿಕೆಗೂ ಒಂದು ಮಿತಿ ಇರಲಿ. ಥಯಾಮಿನೇಸ್ ಬೆಂಕಿಗೆ ಸೋಲುತ್ತದೆ, ಚಳಿಗೆ ಸೋಲುವುದಿಲ್ಲ. ಹೆಪ್ಪುಗಟ್ಟಿದ ಮೀನಿನಲ್ಲೂ ಅದು ನಿಧಾನವಾಗಿ ಬಿ1 ಅನ್ನು ಕಳೆಯುತ್ತಲೇ ಇರುತ್ತದೆ. ಬಹುದಿನ ಇಟ್ಟ ಬೂತಾಯಿಯಂಥ ಎಣ್ಣೆ ಮೀನು ಕಮಟು ಹಿಡಿಯುತ್ತದೆ, ಅದರಲ್ಲಿನ ಇ ಜೀವಸತ್ವವೂ ಹಾಳಾಗುತ್ತದೆ. ಮೃಗಾಲಯಗಳಲ್ಲಿ ಮೀನು ತಿನ್ನುವ ಪ್ರಾಣಿಗಳಿಗೆ ಇದಕ್ಕಾಗಿಯೇ ಒಂದು ರೂಢಿಯಿದೆ. ಕೊಡುವ ಪ್ರತಿ ಕಿಲೋ ಮೀನಿಗೆ 25ರಿಂದ 30 ಮಿಲಿಗ್ರಾಂ ಥಯಾಮಿನ್, 100 ಐಯು ಇ ಜೀವಸತ್ವ ಸೇರಿಸುತ್ತಾರೆ. ಮನೆಯ ತೊಟ್ಟಿಯವರೂ ಮೀನಿನ ಜೀವಸತ್ವದ ದ್ರವದಲ್ಲಿ ಆಹಾರವನ್ನು ನೆನೆಸಿ ಕೊಡಬಹುದು. ಬೆಳೆದ ಲಯನ್‌ಫಿಶ್‌ಗೆ ವಾರಕ್ಕೆ ಎರಡು ಮೂರು ಊಟ ಸಾಕು. ಕೊಟ್ಟಷ್ಟೂ ತಿನ್ನುವುದು ಅದರ ಸ್ವಭಾವ. ಮುಂದಿನ ಬೇಟೆ ಯಾವಾಗಲೋ ಎಂಬ ಕಡಲಿನಲ್ಲಿ ಆ ಸ್ವಭಾವ ಅದನ್ನು ಕಾಪಾಡಿತ್ತು, ತಪ್ಪದೆ ಊಟ ಬರುವ ತೊಟ್ಟಿಯಲ್ಲಿ ಅದೇ ಅದರ ಯಕೃತ್ತನ್ನು ಕೆಡಿಸುತ್ತದೆ.

"ಇಷ್ಟೆಲ್ಲ ಯಾರಿಂದ ಸಾಧ್ಯ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅಮೃತಹಳ್ಳಿಗೆ ಸಮುದ್ರ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಆದರೆ ಕಡಲ ಮೀನು ಪ್ರತಿದಿನ ನಮ್ಮ ಮೀನಿನಂಗಡಿಗೆ ಬರುತ್ತಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೆಲವೇ ಕಿಲೋಮೀಟರ್ ದೂರದಲ್ಲಿದೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾದದ್ದು 1969ರಲ್ಲಿ, ನಮ್ಮದೇ ಮಂಗಳೂರಿನಲ್ಲಿ. ತಿಳಿವಳಿಕೆಗೆ ಈ ನಾಡಿನಲ್ಲಿ ಬರವಿಲ್ಲ. ನಾಯಿ ಊಟ ಬಿಟ್ಟರೆ ಡಾಕ್ಟರ ಬಳಿ ಓಡುವ ನಾವು ಮೀನಿನ ವಿಷಯದಲ್ಲಿ ಅಂಗಡಿಯವರ ಒಂದು ಮಾತಿಗೆ ತೃಪ್ತರಾಗುತ್ತೇವೆ. ಇಷ್ಟಾದರೂ ಮಾಡಲಾಗದವರಿಗೆ ನನ್ನ ಪ್ರಾರ್ಥನೆ ಒಂದೇ: ಬೇಟೆಗಾರ ಮೀನನ್ನು ತರಬೇಡಿ. ನೇತ್ರಾಣಿಯ ಬಂಡೆಯ ಬಳಿ ಅದು ಅದರ ಪಾಡಿಗೆ ಇರಲಿ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ ಹಿರಿಯರು. ಕಡಲಿನಲ್ಲಿ ಆ ಮೀನು ನಲವತ್ತು ಬಗೆಯಲ್ಲಿ ಆರಿಸಿ ತಿನ್ನುತ್ತಿತ್ತು. ಅದನ್ನು ಗಾಜಿನ ಗೋಡೆಯೊಳಗೆ ತಂದಿಟ್ಟ ದಿನವೇ ಆ ಆಯ್ಕೆ ನಮ್ಮ ಕೈಗೆ ಬಂತು, ಜೊತೆಗೆ ಊಟ ಬಲ್ಲವರಾಗುವ ಹೊಣೆಯೂ.

ಎರಡನೇ ಮಹಡಿಯ ಯುವಕರು ಒಂದು ವರ್ಷ ತೊಟ್ಟಿಯನ್ನು ಖಾಲಿ ಇಟ್ಟು, ಈಗ ಮತ್ತೊಂದು ಲಯನ್‌ಫಿಶ್ ತಂದಿದ್ದಾರೆ. ತೊಟ್ಟಿಯ ಪಕ್ಕದಲ್ಲಿ ದಾರದಿಂದ ಕಟ್ಟಿದ ಒಂದು ನೋಟ್‌ಬುಕ್ ತೂಗುತ್ತದೆ. ಮೊದಲ ಪುಟಗಳಲ್ಲಿ "ಜೀವಂತ ಸಿಗಡಿ" ಎಂದು ಸಾಲು ಸಾಲಾಗಿ ಬರೆದಿದೆ. ಹದಿನೇಳನೇ ದಿನದ ಮುಂದೆ "ಇಕ್ಕಳದಿಂದ ತಿಂತು" ಎಂದಿದೆ. ಆಮೇಲಿನ ಪುಟಗಳಲ್ಲಿ ಸಿಗಡಿ, ಬೊಂಡಾಸ್, ಇಡೀ ಮೀನು ಎಂದು ಹೆಸರುಗಳು ಬದಲಾಗುತ್ತ ಹೋಗಿವೆ. ಒಂದೇ ಹೆಸರು ಮೂರು ಸಲ ಬೆನ್ನುಬೆನ್ನಿಗೆ ಬಂದರೆ ಅವರ ತಾಯಿ ಅದರ ಕೆಳಗೆ ಗೆರೆ ಎಳೆದಿಡುತ್ತಾರೆ.