ಮಳೆಗೆ ಮುಂಚೆ ಮುಚ್ಚಳ ತೆಗೆಸಿ

ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಎಷ್ಟು ಕೆಲಸ ಇರುತ್ತಿತ್ತು ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಹೆಂಚು ಕೈಯಾಡಿಸೋದು, ಸೌದೆ ಒಟ್ಟೋದು, ಹಪ್ಪಳ ಸಂಡಿಗೆ ಡಬ್ಬಕ್ಕೆ ತುಂಬೋದು. ನಾನು ತಿರುವೊಟ್ಟಿಯೂರಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಇಲ್ಲಿ ಲೆಕ್ಕ ಉಲ್ಟಾ. ಊರಲ್ಲಿ ಮಳೆ ಮುಗಿದು ಗದ್ದೆ ಕೊಯ್ಲಿಗೆ ಬರುವ ಹೊತ್ತಿಗೆ ಇಲ್ಲಿ ಶುರು. ಚೆನ್ನೈಗೆ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳೋದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ಅಂದರೆ ನಮ್ಮ ಚಿತ್ತೆ, ಸ್ವಾತಿ, ವಿಶಾಖ ಮಳೆಗಳ ಕಾಲ. ಐಪ್ಪಸಿ ತಿಂಗಳ 'ಅಡೈಮಳೈ' ಅಂತಾರೆ ಇಲ್ಲಿನವರು, ಹಿಡಿದರೆ ಬಿಡದ ಮಳೆ.

ಈ ಮಳೆಗೆ ನಾವು ಏನೇನು ತಯಾರಿ ಮಾಡ್ಕೋತೀವಿ? ಟಾರ್ಚು, ಕ್ಯಾಂಡಲ್ಲು, ಹಾಲಿನ ಪುಡಿ, ಕ್ಯಾನ್ ನೀರು. ಬೈಕು ಎತ್ತರದ ಜಾಗಕ್ಕೆ. ಪಟ್ಟಿಯಲ್ಲಿ ಯಾವಾಗಲೂ ಬಿಟ್ಟುಹೋಗೋದು ಒಂದೇ, ಮನೆ ಪಕ್ಕದ ನೆಲದೊಳಗಿರೋ ಸೆಪ್ಟಿಕ್ ಟ್ಯಾಂಕು. (ಊಟದ ಹೊತ್ತಿನಲ್ಲಿ ಓದ್ತಾ ಇದ್ದರೆ ಕ್ಷಮಿಸಿ, ಆಮೇಲೆ ಬನ್ನಿ!) ಅಮೆರಿಕದ ಚಳಿ ಸೀಮೆಯಲ್ಲಿರೋ ನನ್ನ ಅಕ್ಕನ ಮಗ ಚಳಿಗಾಲಕ್ಕೆ ಮುಂಚೆ ಟ್ಯಾಂಕಿನ ಮೇಲೆ ಒಣಹುಲ್ಲು ಹೊದಿಸ್ತಾನಂತೆ, ಪೈಪು ಹೆಪ್ಪುಗಟ್ಟಬಾರದು ಅಂತ. ನಮಗೆ ಹಿಮದ ಕಾಟ ಇಲ್ಲ, ನೀರಿನ ಕಾಟ.

ಆಗೋದು ಇಷ್ಟೆ. ಟ್ಯಾಂಕಿಗೆ ಹೋಗಿದ್ದರಲ್ಲಿ ಗಟ್ಟಿ ಭಾಗ ತಳಕ್ಕೆ ಕೂರುತ್ತೆ, ಎಣ್ಣೆ ಜಿಡ್ಡು ಮೇಲೆ ಕೆನೆ ಕಟ್ಟುತ್ತೆ, ನಡುವಿನ ನೀರು ಹೊರಗೆ ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಇಂಗುತ್ತೆ. ನಮ್ಮದು ಸಮುದ್ರದ ದಂಡೆಯ ಮರಳು ನೆಲ. ಬೇಸಿಗೆಯಲ್ಲಿ ಎಷ್ಟು ಸುರಿದರೂ ಕುಡಿದುಬಿಡುತ್ತೆ. ಆದರೆ ನಾಲ್ಕು ದಿನ ಮಳೆ ಹೊಡೆದರೆ ನೆಲದ ನೀರು ಮೇಲೇರಿ ಇಂಗುಗುಂಡಿ ಭರ್ತಿ. ಇನ್ನು ಇಂಗೋದೆಲ್ಲಿಗೆ? ಬಚ್ಚಲಿನ ಬಾಯಿಗೆ ವಾಪಸ್. ತಳದಲ್ಲಿ ಆರೇಳು ವರ್ಷದ ಕೆಸರು ಕೂತಿದ್ದರಂತೂ ಕೇಳಲೇಬೇಡಿ. ಆಗ ಇಡೀ ಬೀದಿ ಒಟ್ಟಿಗೆ ಲಾರಿಗೆ ಫೋನ್ ಮಾಡುತ್ತೆ.

2015ರ ನವೆಂಬರಿನಲ್ಲಿ ನಾನೂ ಮಾಡಿದೆ. ಡಿಸೆಂಬರಿನ ಆ ದೊಡ್ಡ ನೆರೆಗೆ ಇನ್ನೂ ಕೆಲವು ದಿನ ಇತ್ತು. ಮೂರು ದಿನದಿಂದ ಕಕ್ಕಸ್ಸು ಕಟ್ಟಿ, ಮನೆಯಲ್ಲಿ ವಯಸ್ಸಾದ ಅತ್ತೆಯನ್ನ ಇಟ್ಟುಕೊಂಡು ಒದ್ದಾಡ್ತಾ ಇದ್ದೆವು. ಲಾರಿ ಬಂತು, ಕೇಳಿದಷ್ಟು ದುಡ್ಡಿಗೆ ಒಪ್ಪಿದೆ. ಪೈಪು ಸ್ವಲ್ಪ ಎಳೆದು ನಿಂತುಬಿಡ್ತು, ತಳದ ಕೆಸರು ಅಷ್ಟು ಗಟ್ಟಿ. ಲಾರಿಯ ಜೊತೆ ಬಂದಿದ್ದ ಹುಡುಗ, ನನ್ನ ಮಗನಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು, ಶರ್ಟು ಬಿಚ್ಚಿ ಕಾಂಪೌಂಡಿನ ಮೇಲೆ ಹಾಕಿ, "ಸಾರ್, ಉಳ್ಳ ಇರಂಗಣುಂ, ಐನೂರು ಎಕ್ಸ್‌ಟ್ರಾ" ಅಂದ. ಒಳಗೆ ಇಳೀಬೇಕು ಅಂತ.

ನಾನು ಸುಮ್ಮನಿದ್ದೆ. ಜಾಸ್ತಿ ಅಲ್ಲ, ಒಂದೆರಡು ನಿಮಿಷ. ಅಷ್ಟರಲ್ಲಿ ಅವನು ಕಾಲು ಇಳಿಬಿಟ್ಟು ಕೂತೂ ಆಗಿತ್ತು. ಬಾಗಿಲಿಂದ ನಮ್ಮನೆಯವಳು "ಬೇಡಪ್ಪಾ, ಮೇಲೆ ಬಾ, ನಾವು ಹೇಗೋ ಇರ್ತೀವಿ" ಅಂತ ಕೂಗಿದಳು. ಹುಡುಗನಿಗೆ ಕನ್ನಡ ಬರದಿದ್ದರೂ ಕೈಸನ್ನೆ ಅರ್ಥವಾಯ್ತು. ನೀರು ಬಿಟ್ಟು, ಉದ್ದದ ಗಳದಲ್ಲಿ ಮೇಲಿನಿಂದಲೇ ಕದಡಿ, ಎಳೆದಷ್ಟು ಎಳೆದು ಹೋದರು. ನನಗೆ ಮಾತ್ರ ಆ ಎರಡು ನಿಮಿಷ ಇವತ್ತಿಗೂ ಮರೆಯೋಕೆ ಆಗಿಲ್ಲ.

ಆಮೇಲೆ ಓದಿ ತಿಳ್ಕೊಂಡೆ. ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲ ಇರುತ್ತೆ. ಕೊಳೆತ ಮೊಟ್ಟೆಯ ವಾಸನೆ. ಆದರೆ ಹೆಚ್ಚಾದಾಗ ಮೂಗು ವಾಸನೆ ಹಿಡಿಯೋದನ್ನೇ ನಿಲ್ಲಿಸುತ್ತೆ, ಹಾಗಾಗಿ ವಾಸನೆ ಇಲ್ಲ ಅಂದುಕೊಂಡು ಇಳಿದವನು ಮೇಲೆ ಬರಲ್ಲ. ಅವನನ್ನ ಎತ್ತೋಕೆ ಇಳಿದವನೂ ಬರಲ್ಲ. ಪತ್ರಿಕೆಗಳಲ್ಲಿ ಇಬ್ಬರು, ಮೂವರು ಅಂತ ಒಟ್ಟಿಗೆ ಸಾಯೋ ಸುದ್ದಿ ಬರೋದು ಅದಕ್ಕೇ. ರಕ್ಷಣಾ ಸಲಕರಣೆ ಇಲ್ಲದೆ ಹೀಗೆ ಇಳಿಸೋದನ್ನ 2013ರ ಕಾನೂನು ನಿಷೇಧಿಸಿದೆ. ಕಂಟ್ರಾಕ್ಟರು ಮಾತ್ರ ಅಲ್ಲ, ಇಳಿಸೋ ಯಾವ ವ್ಯಕ್ತಿಯಾದರೂ ತಪ್ಪಿತಸ್ಥನೇ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸುಪ್ರೀಂ ಕೋರ್ಟು 2014ರಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಅಂದಿತ್ತು, 2023ರಲ್ಲಿ ಅದನ್ನ 30 ಲಕ್ಷ ಮಾಡಿತು. 2014ರ ಕೇಸು ನಡೆಸಿದ ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು. 2016ರಲ್ಲಿ ಅವರಿಗೂ ಚೆನ್ನೈನ ಟಿ. ಎಂ. ಕೃಷ್ಣ ಅವರಿಗೂ ಮ್ಯಾಗ್ಸೆಸೆ ಬಂದಾಗ ಖುಷಿಪಟ್ಟ ನಾನು, ಅದಕ್ಕೆ ಹಿಂದಿನ ವರ್ಷವಷ್ಟೇ ಆ ಹುಡುಗನ ಮುಂದೆ ಸುಮ್ಮನೆ ನಿಂತಿದ್ದವನು.

ನನ್ನ ಅಭಿಪ್ರಾಯ ಇಷ್ಟು. ಆ ಹುಡುಗನನ್ನ ಗುಂಡಿಗೆ ಇಳಿಸೋದು ಮಳೆ ಅಲ್ಲ, ನಮ್ಮ ಸೋಮಾರಿತನ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಿದರೆ ಕೆಸರು ಗಟ್ಟಿಯಾಗಲ್ಲ, ಪೈಪೇ ಎಳೆಯುತ್ತೆ. ನಾವೋ, ಕಟ್ಟಿಕೊಳ್ಳೋವರೆಗೆ ಕಾಯ್ತೀವಿ. ಆಮೇಲೆ ಅವಸರ, ಆಮೇಲೆ "ಹೇಗಾದರೂ ಮಾಡಪ್ಪಾ". ಆ 'ಹೇಗಾದರೂ' ಅನ್ನೋ ಮಾತಿಗೆ ಅರ್ಥ ಒಂದೇ.

ಈಗ ನಮ್ಮನೆ ಲೆಕ್ಕ ಹೀಗಿದೆ. ಹುಬ್ಬೆ, ಉತ್ತರೆ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮುಗಿಯೋದರೊಳಗೆ ಲಾರಿ ಬಂದು ಹೋಗಿರಬೇಕು. ಲೈಸೆನ್ಸ್ ಕೇಳ್ತೀವಿ. ಯಾರೂ ಇಳಿಯಕೂಡದು ಅಂತ ದುಡ್ಡಿನ ಮಾತಿಗೆ ಮುಂಚೆ ಹೇಳ್ತೀವಿ. 14420 ಅಂತ ಸಹಾಯವಾಣಿ ಇದೆ, ಬರೆದಿಟ್ಟುಕೊಳ್ಳಿ. ತಳದಲ್ಲಿ ಸ್ವಲ್ಪ ಕೆಸರು ಬಿಡಿಸ್ತೀವಿ, ಕೊಳೆಯಿಸೋ ಬ್ಯಾಕ್ಟೀರಿಯಾ ಉಳಿಯಲಿ ಅಂತ. ಅದೇ ಕಾರಣಕ್ಕೆ ಆಸಿಡ್ಡು, ಬ್ಲೀಚಿಂಗ್ ಪೌಡರ್ ಸುರಿಯೋದು ನಿಲ್ಲಿಸಿದೀವಿ. ತಾರಸಿ ನೀರಿನ ಪೈಪು ಟ್ಯಾಂಕಿನ ಕಡೆಯಿಂದ ಬೇರೆ ಕಡೆಗೆ ತಿರುಗಿಸಿದ್ದೇವೆ. ಗಾಳಿ ಕೊಳವೆಯ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದ್ದೇವೆ. ನೆಲದಲ್ಲಿ ನೀರು ತುಂಬಿರುವಾಗ ಟ್ಯಾಂಕನ್ನ ಪೂರ್ತಿ ಖಾಲಿ ಮಾಡಿಸಬಾರದು. ಸುತ್ತಲಿನ ನೀರು ಅದನ್ನ ಒತ್ತಿ ಎತ್ತಿಬಿಡಬಹುದು, ಪ್ಲಾಸ್ಟಿಕ್, ಫೈಬರ್ ಟ್ಯಾಂಕಾದರಂತೂ ಖಂಡಿತ ಅಪಾಯ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ನಮ್ಮ ಬೀದಿಯಲ್ಲಿ ಮೊಣಕಾಲವರೆಗೆ ನೀರು ನಿಂತಾಗ ನಾವು ಲಾರಿ ಕರೆಯಲಿಲ್ಲ. ಬಟ್ಟೆ ಒಗೆಯೋದು ನಿಲ್ಲಿಸಿ, ನೀರು ಅಳೆದು ಬಳಸಿ, ಇಳಿಯೋವರೆಗೆ ಕಾದೆವು. ಸೆಪ್ಟೆಂಬರಿನಲ್ಲಿ ತೆಗೆಸಿದ್ದಕ್ಕೆ ಕಾಯೋಕಾಯ್ತು.

ಇಷ್ಟಕ್ಕೂ ನಿಮ್ಮ ಮನೆ ಟ್ಯಾಂಕಿನ ಮುಚ್ಚಳ ಎಲ್ಲಿದೆ ಗೊತ್ತಾ? ನಮ್ಮದರ ಮೇಲೆ ಟೈಲ್ಸ್ ಹಾಕಿಸಿ ತುಳಸಿಕಟ್ಟೆ ಇಟ್ಟಿದ್ದೆವು! ಅದನ್ನ ಒಡೆಸೋಕೇ ಅರ್ಧ ದಿನ ಹಿಡಿಯಿತು. ಈ ಭಾನುವಾರ ಹುಡುಕಿ ನೋಡಿ. ಕೊನೇ ಸಲ ಯಾವಾಗ ತೆಗೆಸಿದ್ದು ಅಂತ ಮನೆಯವರನ್ನ ಕೇಳಿ. ಯಾರಿಗೂ ನೆನಪಿಲ್ಲ ಅಂದರೆ, ಬಿಸಿಲಿರುವಾಗಲೇ ಫೋನ್ ಮಾಡಿ.