ಬಾಟಲಿ ನೂರು ಕೋಳಿಗೆ, ಹಿತ್ತಲಲ್ಲಿರೋದು ಎಂಟೇ

ಯಲ್ದೂರು (ಶ್ರೀನಿವಾಸಪುರ ತಾ.): ಬೇಸಿಗೆ ಬಂತೆಂದರೆ ನಾಟಿ ಕೋಳಿ ಸಾಕೋರಿಗೆ ಕೊಕ್ಕರೆ ರೋಗದ ಭಯ. ಹಸಿರು ಭೇದಿ ಶುರುವಾಗಿ ಕತ್ತು ತಿರುಚಿತೆಂದರೆ ಕೆಲವೇ ದಿನದಲ್ಲಿ ಗೂಡು ಖಾಲಿ. ಬಂದ ಮೇಲೆ ಔಷಧಿ ಇಲ್ಲ, ಲಸಿಕೆ ಮೊದಲೇ ಹಾಕಿಸಬೇಕು: ಮರಿಗೆ ಮೊದಲ ವಾರ ಲಾಸೋಟಾ ಹನಿ, 6–8 ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ ತಳಿಗೂ ಇದು ತಪ್ಪಿದ್ದಲ್ಲ.

ತೊಡಕಿರೋದು ಬಾಟಲಿಯಲ್ಲಿ. ಸಾಮಾನ್ಯವಾಗಿ ಒಂದು ಬಾಟಲಿ 100 ಕೋಳಿಗೆ ಆಗುತ್ತೆ. ಐಸ್‌ನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿಗೆ ಯಾರು ತಾನೇ ತರ್ತಾರೆ? ಬೀದಿಯ ಹತ್ತು ಮನೆಯವರು ಒಂದು ದಿನ ಗೊತ್ತು ಮಾಡಿ ಪಶು ಆಸ್ಪತ್ರೆಗೆ ಹೇಳಿದರೆ ಬಾಟಲಿ ಹಾಳಾಗಲ್ಲ. ಬೆಳಗ್ಗೆ ಗೂಡು ತೆಗೆಯೋ ಮೊದಲೇ ಹಾಕಿಸಿದರೆ ಸಲೀಸು. ಆಮೇಲೆ ಅಟ್ಟಾಡಿಸಿ ಹಿಡಿಯೋದು ಮಕ್ಕಳಿಗಷ್ಟೇ ಖುಷಿ.