ಲ್ಯಾಪ್‌ಟಾಪಿಗೆ ವಯಸ್ಸಾಗಿಲ್ಲ, ಡಿಸ್ಕಿಗೆ ಸುಸ್ತಾಗಿದೆ ಅಷ್ಟೇ!

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ನೆಂಟರಿಷ್ಟರಿಂದ ತಪ್ಪದೇ ಬರುವ ಪ್ರಶ್ನೆ ಒಂದಿದೆ. "ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ ಮಾರಾಯ, ಹೊಸದು ಯಾವುದು ತಗೊಳ್ಲಿ?" ಇಲ್ಲಿ ಏನು ಕೆಟ್ಟಿದೆ ಅನ್ನುವ ಪ್ರಶ್ನೆಯೇ ಇಲ್ಲ ನೋಡಿ. ಸೀದಾ ಹೊಸದಕ್ಕೇ ಜಿಗಿತ! ಮಿಕ್ಸಿ ಕೆಟ್ಟರೆ ರಿಪೇರಿಯವನನ್ನು ಹುಡುಕುತ್ತೇವೆ, ಚಪ್ಪಲಿ ಕಿತ್ತರೆ ಹೊಲಿಸಿಕೊಳ್ಳುತ್ತೇವೆ. ಕಂಪ್ಯೂಟರಿಗೆ ಮಾತ್ರ ಯಾಕೆ ಈ ಅನ್ಯಾಯ?

ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಅಂದರೆ ಹೆಚ್ಚಿನಂಶ ಅದರೊಳಗೆ ಒಂದು ಹಾರ್ಡ್ ಡಿಸ್ಕ್ ಇರುತ್ತದೆ. ಗ್ರಾಮಾಫೋನ್ ತಟ್ಟೆಯ ಹಾಗೆ ತಿರುಗುವ ಯಂತ್ರ ಅದು. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು. ಎಲ್ಲ ಸೇರಿದರೆ, ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಫೈಲುಗಳನ್ನು ಸೆಕೆಂಡಿಗೆ ನೂರು ಸಲವೂ ಹೆಕ್ಕಲಾಗದು. ಕಂಪ್ಯೂಟರ್ ಬೂಟ್ ಆಗುವಾಗ ಬೇಕಿರುವುದು ಇಂಥ ಸಾವಿರಾರು ಹೆಕ್ಕಾಟ. ಪ್ರೊಸೆಸರ್ ಪಾಪ ಕೈಕಟ್ಟಿ ಕೂತು ಕಾಯುತ್ತಿರುತ್ತದೆ, ನಾವು ಪ್ರೊಸೆಸರಿಗೇ ಬೈಯುತ್ತೇವೆ :)

ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ತೋಷಿಬಾದ ಫುಜಿಯೋ ಮಸುವೋಕ ಮತ್ತು ಅವರ ತಂಡ 1987ರಲ್ಲಿ ಜಗತ್ತಿನ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಮೆಮೊರಿಯೇ ಇದರ ಮೂಲ. ನಮ್ಮ ಪೆನ್ ಡ್ರೈವ್, ಮೊಬೈಲಿನೊಳಗೆ ಇರುವುದೂ ಅದೇ. ಯಾವ ಮೂಲೆಯ ಮಾಹಿತಿಯಾದರೂ ಸುಮಾರು 0.1 ಮಿಲಿಸೆಕೆಂಡಿನೊಳಗೆ ಕೈಗೆ ಸಿಗುತ್ತದೆ. ನೂರಿನ ಬದಲು ಸಾವಿರಗಳ ಲೆಕ್ಕ. ಎರಡು ಮೂರು ನಿಮಿಷ ಗಾಣ ತಿರುಗಿಸುತ್ತಿದ್ದ ಲ್ಯಾಪ್‌ಟಾಪ್ ಅರ್ಧ ನಿಮಿಷದೊಳಗೆ ಏಳುವುದು ಇದೇ ಕಾರಣಕ್ಕೆ.

ಕೆಲಸವೂ ಬ್ರಹ್ಮವಿದ್ಯೆಯಲ್ಲ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಇರುತ್ತದೆ, ಅದೇ ಜಾಗದಲ್ಲಿ ಅದೇ ಅಳತೆಯ ಎಸ್‌ಎಸ್‌ಡಿ ಕೂರುತ್ತದೆ. ಮೊದಲು ಫೋಟೋ, ಕಡತಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ. ಬದಲಾಯಿಸಿದ ಮೇಲೆ ಹಳೇ ಡಿಸ್ಕನ್ನೂ ಎಸೆಯಬೇಡಿ. ಒಂದು ಸಣ್ಣ ಯುಎಸ್‌ಬಿ ಕೇಸಿಗೆ ಹಾಕಿದರೆ ಬ್ಯಾಕಪ್ಪಿಗೆ ಆಗುತ್ತದೆ. ಬ್ಯಾಕಪ್ ಮಾತ್ರ ಮರೆಯಬೇಡಿ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಟಕ್ ಟಕ್ ಅಂತ ಗೊಣಗುತ್ತದೆ, ಎಸ್‌ಎಸ್‌ಡಿ ಒಂದು ದಿನ ಸುಮ್ಮನೆ ಕಣ್ಣು ಮುಚ್ಚಿಬಿಡಬಹುದು.

ಹಾಗಂತ ಇದು ಸಂಜೀವಿನಿ ಅಂತ ನಾನು ಹೇಳುತ್ತಿಲ್ಲ. ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ ಇವತ್ತಿನ ಬ್ರೌಸರುಗಳು ಅದನ್ನು ಒಂದೇ ತುತ್ತಿಗೆ ನುಂಗುತ್ತವೆ. ಆಗ ರ‍್ಯಾಮ್ ಕೂಡ ಹೆಚ್ಚಿಸಬೇಕು. ವಿಡಿಯೋ ಎಡಿಟಿಂಗ್ ಮಾಡುವವರಿಗೆ, ಹೊಸ ಗೇಮ್ ಆಡುವವರಿಗೆ ಹೊಸ ಯಂತ್ರವೇ ಸರಿ. ಆದರೆ ನಮ್ಮಂಥವರಿಗೆ ಬೇಕಿರುವುದೇನು? ಓದುವುದು, ಕನ್ನಡದಲ್ಲಿ ನಾಲ್ಕು ಸಾಲು ಕುಟ್ಟುವುದು, ಮೇಲ್ ನೋಡುವುದು, ಒಂದಿಷ್ಟು ಹಾಡು ಸಿನಿಮಾ. ಇದಕ್ಕೆ ಹತ್ತು ವರ್ಷದ ಹಿಂದಿನ ಪ್ರೊಸೆಸರ್ ಧಾರಾಳವಾಗಿ ಸಾಕು.

ಈಗ ಇನ್ನೊಂದು ತಕರಾರು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಆ ತಲೆಮಾರು ಬಂದಿದ್ದು 2017ರಲ್ಲಿ. ಅಂದರೆ ಅದಕ್ಕೂ ಮುಂಚಿನ, ಚೆನ್ನಾಗೇ ಓಡುತ್ತಿರುವ ಲೆಕ್ಕವಿಲ್ಲದಷ್ಟು ಯಂತ್ರಗಳು ಒಂದೇ ದಿನ "ಹಳೆಯವು" ಆಗಿಹೋದವು. ಅವುಗಳ ಒಂದು ಸ್ಕ್ರೂ ಕೂಡ ಸಡಿಲವಾಗಿರಲಿಲ್ಲ!

ಇಲ್ಲಿ ಲಿನಕ್ಸ್ ಕೈಹಿಡಿಯುತ್ತದೆ. ಲಿನಕ್ಸ್ ಮಿಂಟ್‌ನಂಥದ್ದು 4 ಜಿಬಿ ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ ಇದ್ದರೆ ಆರಾಮಾಗಿ ಓಡುತ್ತದೆ. ಕನ್ನಡದ ಗತಿ ಏನು ಅಂತ ಕೇಳಬೇಡಿ. ಐಬಸ್ ಮೂಲಕ ಕಗಪ ವಿನ್ಯಾಸವೂ ಸಿಗುತ್ತದೆ, ಇನ್‌ಸ್ಕ್ರಿಪ್ಟೂ ಸಿಗುತ್ತದೆ. ಅಕ್ಷರಗಳೂ ಸರಿಯಾಗಿ ಮೂಡುತ್ತವೆ. ಈವರೆಗೆ ಮನೆಯವರದು ಗೆಳೆಯರದು ಅಂತ ನಾಲ್ಕು ಲ್ಯಾಪ್‌ಟಾಪಿಗೆ ಹೀಗೆ ಮರುಜೀವ ಕೊಟ್ಟಿದ್ದೇನೆ. ಅದರಲ್ಲಿ ಒಂದು ಈಗ ಊರಿನಲ್ಲಿ ಪಿಯುಸಿ ಓದುವ ಹುಡುಗಿಯ ಕೈಯಲ್ಲಿದೆ. ಹೊಸದು ಕೊಳ್ಳುವ ಶಕ್ತಿ ಆ ಮನೆಗೆ ಇರಲಿಲ್ಲ. ಅಂಗಡಿಯೊಂದರಲ್ಲಿ "ಇದು ಗುಜರಿಗೆ ಲಾಯಕ್ಕು" ಅನ್ನಿಸಿಕೊಂಡ ಯಂತ್ರ ಅದು!

ನನಗೆ ಚಿಂತೆಯಾಗಿರುವುದು ಹಳೆಯ ಲ್ಯಾಪ್‌ಟಾಪುಗಳ ಬಗ್ಗೆ ಅಲ್ಲ, ಹೊಸವುಗಳ ಬಗ್ಗೆ. ಆಪಲ್ 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊನಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿತು. 2016ರ ಟಚ್ ಬಾರ್ ಮಾದರಿಗಳಲ್ಲಿ ಸ್ಟೋರೇಜನ್ನೂ ಬೆಸೆಯಿತು. ತೆಳ್ಳಗೆ ಮಾಡುವ ಹುಚ್ಚಿನಲ್ಲಿ ರ‍್ಯಾಮ್ ಬೆಸೆಯುವ ಚಾಳಿ ಇತರ ಕಂಪನಿಗಳಿಗೂ ಹತ್ತಿದೆ. ಇವತ್ತು ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಹಳೆಯ ಲ್ಯಾಪ್‌ಟಾಪಿಗೆ ಡಿಸ್ಕು, ರ‍್ಯಾಮು, ಬ್ಯಾಟರಿ ಎಲ್ಲ ಸಿಗುತ್ತದೆ. ಬೆಸುಗೆ ಹಾಕಿದ ಯಂತ್ರಕ್ಕೆ ಹತ್ತು ವರ್ಷದ ನಂತರ ಅಲ್ಲಿ ಏನು ಸಿಕ್ಕಿ ಏನು ಪ್ರಯೋಜನ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಆರಂಭಿಸಿದ್ದು ಒಳ್ಳೆಯದೇ. ಆದರೆ ಬಿಚ್ಚಲಾಗದ ವಸ್ತುವಿಗೆ ರಿಪೇರಿಯ ಹಕ್ಕು ಇದ್ದೂ ಇಲ್ಲದಂತೆ.

ಅದಕ್ಕೇ ಕೇಳಿಕೊಳ್ಳುವುದಿಷ್ಟು. ಲ್ಯಾಪ್‌ಟಾಪ್ ನಿಧಾನವಾದರೆ ಮೊದಲು ಒಳಗಿರುವ ಡಿಸ್ಕ್ ಯಾವುದು ನೋಡಿ. ಹೊಸದು ಕೊಳ್ಳಲೇಬೇಕಾಗಿ ಬಂದರೆ ಅಂಗಡಿಯವನನ್ನು ಬಣ್ಣ, ತೂಕ ಕೇಳುವ ಮುಂಚೆ "ಇದರ ರ‍್ಯಾಮ್, ಎಸ್‌ಎಸ್‌ಡಿ ಬಿಚ್ಚಿ ಬದಲಾಯಿಸಬಹುದಾ?" ಅಂತ ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ತಿಳಿದುಕೊಂಡಿರುತ್ತಾನೆ. ದುಡ್ಡು ಕೊಟ್ಟು ತಂದ ವಸ್ತು ಯಾವಾಗ ಹಳೆಯದಾಯಿತು ಅಂತ ನಿರ್ಧರಿಸಬೇಕಾದವರು ನಾವೋ, ಅದನ್ನು ಮಾರಿದವರೋ?